ಕುದುರೆ ಜಲ್ಲಿ ಮೇಲೆ ಅಳುಕುತ್ತಿದೆಯಾ? ಗೊರಸಿಗೆ ಪ್ಯಾಡ್ ಹಾಕಿಸುವ ಮುಂಚೆ ಇಷ್ಟು ನೋಡಿ

ಮಣ್ಣಿನಲ್ಲಿ ಚೆನ್ನಾಗೇ ನಡೆಯುವ ಕುದುರೆ, ಜಲ್ಲಿ ಬಂತು ಅಂದ್ರೆ ಕೆಂಡ ತುಳಿದ ಹಾಗೆ ಹೆಜ್ಜೆ ಹಾಕುತ್ತದೆ. ದಾರಿ ಅಂಚಿನ ಹುಲ್ಲಿಗೆ ಎಳೆಯುತ್ತದೆ. ನೋಡಿದವರೆಲ್ಲ ಹೇಳುವುದು ಒಂದೇ ಮಾತು, ಪ್ಯಾಡ್ ಹಾಕಿಸಿಬಿಡಿ ಅಂತ, ಅಂದ್ರೆ ಅಂಗಾಲಿಗೆ ಕಲ್ಲು ಚುಚ್ಚದ ಹಾಗೆ ಗೊರಸಿನಡಿ ಕೂರಿಸುವ ಹಾಳೆ. ಹಾಕಿಸಿ, ಬೇಡ ಅನ್ನಲ್ಲ. ಆದರೆ ಪ್ಯಾಡ್ ಒಂದು ಮುಚ್ಚಳ ಕೂಡ. ಅಡಿಯಲ್ಲಿ ಏನಿದೆ ಅಂತ ನೋಡದೆ ಮುಚ್ಚಿದರೆ ಐದಾರು ವಾರ ಅದು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಮೊದಲು ಗೊರಸು ಎತ್ತಿ, ಕೊಕ್ಕೆಯಿಂದ ಕೊಳೆ ತೆಗೆದು, ಬ್ರಷ್ ಹಾಕಿ ಉಜ್ಜಿ. ಅಂಗಾಲನ್ನು ಹೆಬ್ಬೆರಳಿಂದ ಗಟ್ಟಿಯಾಗಿ ಒತ್ತಿ ನೋಡಿ. ಬೆರಳಿನಡಿ ಸ್ವಲ್ಪ ಬಾಗಿದ ಹಾಗೆ ಅನ್ನಿಸಿದರೆ ಅಂಗಾಲು ತೆಳು ಅಂತಲೇ ಲೆಕ್ಕ. ಸರಿಯಾದ ಅಳತೆ ಬೇಕಾದರೆ ಎಕ್ಸ್‌ರೇ ತೆಗೆಸಬೇಕು. ಸುಮಾರು 15 ಮಿಲಿಮೀಟರ್ ದಪ್ಪ ಇದ್ದರೆ ಒಳ್ಳೆಯದು, 10ಕ್ಕಿಂತ ಕಡಿಮೆ ಇದ್ದರೆ ಕಲ್ಲು ಚುಚ್ಚಿದ್ದೆಲ್ಲ ಅದಕ್ಕೆ ಗೊತ್ತಾಗುತ್ತದೆ. ಇಂಥ ಕುದುರೆಗೆ ಪ್ಯಾಡ್ ನಿಜಕ್ಕೂ ಉಪಯೋಗ.

ನಾಡಿ ನೋಡುವುದನ್ನೂ ಕಲಿತುಕೊಳ್ಳಿ. ಗೊರಸಿನ ಮೇಲಿನ ಗೆಣ್ಣು ಇದೆಯಲ್ಲ, ಅದರ ಹಿಂಭಾಗದಲ್ಲಿ ಎರಡೂ ಬದಿಗೆ ಬೆರಳನ್ನು ಹಗುರವಾಗಿ ಇಟ್ಟು ಹುಡುಕಿ, ಜಾಸ್ತಿ ಒತ್ತಿದರೆ ಸಿಗೋದಿಲ್ಲ. ಆರೋಗ್ಯವಾಗಿರುವ ಕಾಲಲ್ಲಿ ನಾಡಿ ಸಿಗುವುದೇ ಕಷ್ಟ. ಒಂದೇ ಕಾಲಲ್ಲಿ ಢವಢವ ಅಂತ ಬಡಿಯುತ್ತಿದ್ದು, ಗೊರಸು ಬಿಸಿಯಾಗಿ, ನಿನ್ನೆವರೆಗೆ ಸರಿಯಿದ್ದ ಕುದುರೆ ಇವತ್ತು ಆ ಕಾಲನ್ನು ಊರುವುದಕ್ಕೇ ಒಪ್ಪುತ್ತಿಲ್ಲ ಅಂದ್ರೆ ಒಳಗೆ ಕೀವು ಕಟ್ಟಿರಬಹುದು. ಕೀವಿನ ಮೇಲೆ ಪ್ಯಾಡ್ ಹೊಡೆಸಬೇಡಿ, ಅದು ಹೊರಗೆ ಬರಬೇಕು. ಮುಂದಿನ ಎರಡೂ ಕಾಲು ನೋಯುತ್ತಾ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತಿದ್ದರೆ ಲ್ಯಾಮಿನೈಟಿಸ್, ಅಂದ್ರೆ ಗೊರಸಿನೊಳಗಿನ ಉರಿಯೂತ, ಇರಬಹುದು. ಎರಡರಲ್ಲೂ ಮೊದಲು ಪಶುವೈದ್ಯರು, ಪ್ಯಾಡ್ ಮಾತು ಆಮೇಲೆ. ಅಂಗಾಲಿನ ನಡುವೆ ಇರುವ ತ್ರಿಕೋನದ ಮೆತ್ತನೆ ಭಾಗಕ್ಕೆ ಫ್ರಾಗ್ ಅಂತಾರೆ, ಅದರ ಪಕ್ಕದ ಸಂದಿಯಲ್ಲಿ ಕಪ್ಪು ರಸ, ಕೊಳೆತ ವಾಸನೆ ಇದ್ದರೆ ಅದು ಥ್ರಶ್ ಅನ್ನುವ ಕೊಳೆ ಸೋಂಕು. ಅದನ್ನೂ ವಾಸಿ ಮಾಡಿಕೊಂಡೇ ಮುಂದಕ್ಕೆ ಹೋಗಿ.

ಇನ್ನು ಯಾವ ಪ್ಯಾಡ್? ಲಾಳ ಹೊಡೆಸುವ ಕುದುರೆಗಾದರೆ ಲಾಳಕ್ಕೂ ಗೊರಸಿಗೂ ನಡುವೆ ಕೂರುವ ಪೂರ್ತಿ ಪ್ಯಾಡ್ ಸಾಮಾನ್ಯ. ತೊಗಲಿನದು ಗೊರಸಿನ ಆಕಾರಕ್ಕೆ ಚೆನ್ನಾಗಿ ಒಗ್ಗುತ್ತದೆ, ಆದರೆ ನೆನೆದು ಒಣಗಿ ನೆನೆದು ಒಣಗಿ ಸಡಿಲವಾಗುತ್ತದೆ. ಪ್ಲಾಸ್ಟಿಕ್ ಬಾಳಿಕೆ ಬರುತ್ತದೆ. ಅಂಚಿಗೆ ಮಾತ್ರ ಕೂರುವ ರಿಮ್ ಪ್ಯಾಡ್‌ನಲ್ಲಿ ಅಂಗಾಲು ತೆರೆದೇ ಇರುತ್ತದೆ. ನೆಲದಿಂದ ಒಂದಿಷ್ಟು ಎತ್ತರ ಸಿಗುತ್ತದೆ, ಗಾಳಿಯೂ ಆಡುತ್ತದೆ, ಆದರೆ ಚೂಪು ಕಲ್ಲಿಗೆ ಅಡ್ಡ ಏನೂ ಇಲ್ಲ. ಹಿಮ್ಮಡಿ ಎತ್ತರಿಸುವ ವೆಜ್ ಪ್ಯಾಡನ್ನು ಸುಮ್ನೆ ನೋವು ಅಂತ ಹಾಕಿಸಬೇಡಿ. ತುಂಬಾ ದಿನ ಇಟ್ಟರೆ ಹಿಮ್ಮಡಿಯೇ ಕುಸಿಯಬಹುದು.

ಲಾಳದವರು ಕೆಲಸ ಮಾಡುವಾಗ ಪಕ್ಕದಲ್ಲೇ ನಿಂತಿರಿ. ಗೊರಸು ಒಣಗಿರಬೇಕು. ಅಂಗಾಲು ತೆಳು ಇರುವ ಕುದುರೆಯಲ್ಲಿ ಅಂದಕ್ಕೆ ಅಂತ ಅಂಗಾಲು ಕೆತ್ತಿಸಬೇಡಿ, ಇರೋದೇ ಅಷ್ಟು ಅಲ್ವಾ? ಪ್ಯಾಡ್‌ಗೂ ಅಂಗಾಲಿಗೂ ನಡುವಿನ ಖಾಲಿ ಜಾಗಕ್ಕೆ ಸಿಲಿಕೋನ್ ಅಥವಾ ಪೈನ್ ಟಾರ್ (ಪೈನ್ ಮರದಿಂದ ತೆಗೆದ ಅಂಟು ಡಾಂಬರು) ಹಚ್ಚಿದ ನಾರು ತುಂಬುತ್ತಾರೆ. ಇದರಲ್ಲೇ ಇರೋದು ಕಸುಬು. ಕಡಿಮೆ ಆದರೆ ಮರಳು, ನೀರು ನುಗ್ಗಿ ಒಳಗೇ ಉಜ್ಜುತ್ತದೆ. ಜಾಸ್ತಿ ತುರುಕಿದರೆ ನೋಯುವ ಅಂಗಾಲನ್ನು ಅದೇ ಒತ್ತುತ್ತದೆ, ಪ್ಯಾಡ್ ಹಾಕಿದ ಮೇಲೆ ಕುದುರೆ ಇನ್ನೂ ಜಾಸ್ತಿ ಕುಂಟಿತು ಅನ್ನುವವರು ಮೊದಲು ಇದನ್ನೇ ನೋಡಬೇಕು. ಪ್ಯಾಡ್ ದಪ್ಪ ಇರುವುದರಿಂದ ಮೊಳೆಯೂ ಸ್ವಲ್ಪ ಉದ್ದದ್ದು ಬೇಕು.

ಲಾಳ ಇಲ್ಲದ ಕುದುರೆಗೆ ಬೂಟು, ಅದರೊಳಗೆ ಫೋಮ್ ಪ್ಯಾಡ್. ನನ್ನನ್ನು ಕೇಳಿದರೆ ಇದೇ ಸುಲಭ, ಯಾಕೆಂದರೆ ದಿನಾ ಬಿಚ್ಚಿ ನೋಡಬಹುದು. ಗೊರಸು ತಿದ್ದಿಸಿದ ಮೇಲೆ ಅಗಲ, ಉದ್ದ ಎರಡನ್ನೂ ಮಿಲಿಮೀಟರ್‌ನಲ್ಲಿ ಅಳೆಯಿರಿ. ಫೋಮನ್ನು ಬೂಟಿನ ತಳಕ್ಕೆ ಸರಿಯಾಗಿ ಕತ್ತರಿಸಿ, ಅದನ್ನು ಒಳಗೆ ಇಟ್ಟುಕೊಂಡೇ ಅಳತೆ ಪರೀಕ್ಷೆ ಮಾಡಿ. ಬರೀ ಬೂಟು ಸರಿಹೋಯ್ತು ಅಂತ ತಂದು, ಪ್ಯಾಡ್ ಹಾಕಿದ ಮೇಲೆ ಕಾಲೇ ಹೋಗದೆ ಒದ್ದಾಡಿದವರಲ್ಲಿ ನಾನೂ ಒಬ್ಬ. ಮೊದಲ ದಿನ ಅರ್ಧ ಗಂಟೆ, ಮರುದಿನ ಸ್ವಲ್ಪ ಜಾಸ್ತಿ, ಹೀಗೆ ಅಭ್ಯಾಸ ಮಾಡಿಸಿ. ಬಿಚ್ಚಿದಾಗಲೆಲ್ಲ ಹಿಮ್ಮಡಿಯ ಉಬ್ಬು ಭಾಗದಲ್ಲಿ ಕೂದಲು ಉಜ್ಜಿ ಹೋಗಿದೆಯಾ ನೋಡಿ. ಒತ್ತಿದರೆ ವಾಪಸ್ ಏಳದ ಫೋಮನ್ನು ಬದಲಿಸಿ.

ಹಾಕಿದ ಮೇಲೂ ದಿನಾ ಗೊರಸು ಎತ್ತಲೇಬೇಕು. ಹಿಮ್ಮಡಿ ಕಡೆಯ ತೆರೆದ ಅಂಚಿನಲ್ಲಿ ಕಲ್ಲು ಸಿಕ್ಕಿಕೊಂಡಿರುತ್ತದೆ. ಮೊಳೆಯ ತುದಿ ಮೇಲೆದ್ದಿದೆಯಾ, ಲಾಳ ಅಲ್ಲಾಡುತ್ತಿದೆಯಾ ನೋಡಿ, ಮೂಗು ಹತ್ತಿರ ತಂದು ವಾಸನೆಯನ್ನೂ ನೋಡಿ. ಒಂದು ಸಲ ಮಳೆಗಾಲದಲ್ಲಿ, ನಡಿಗೆ ಚೆನ್ನಾಗಿದೆಯಲ್ಲ ಅಂತ ನಾನು ಎಂಟನೇ ವಾರದವರೆಗೆ ಎಳೆದೆ. ಬಿಚ್ಚಿದಾಗ ಫ್ರಾಗ್ ಮೇಲೆ ಕಪ್ಪು ಕೆಸರಿನಂಥದ್ದು, ಇಡೀ ಲಾಯ ನಾತ. ಥ್ರಶ್ ವಾಸಿ ಮಾಡೋಕೆ ತಿಂಗಳೇ ಹಿಡಿಯಿತು. ಆಮೇಲೆ ಐದು ವಾರ ದಾಟಿಸಿಲ್ಲ. ಪೂರ್ತಿ ಪ್ಯಾಡ್ ಇದ್ದಾಗ ಕೆಸರು, ಒದ್ದೆ ಹುಲ್ಲಲ್ಲಿ ಕಾಲು ಜಾರುತ್ತದೆ ಅನ್ನುವುದೂ ನೆನಪಿರಲಿ, ಅಂಗಾಲಿನ ಗುಳಿ ಮುಚ್ಚಿ ಹೋಗಿರುವುದರಿಂದ ಹಿಡಿತ ಕಡಿಮೆ.

ತೆಗೆಯುವಾಗ ಅವಸರ ಬೇಡ. ತಿಂಗಳುಗಟ್ಟಲೆ ಮುಚ್ಚಿದ್ದ ಅಂಗಾಲು ಮೆತ್ತಗಾಗಿರುತ್ತದೆ, ಅವತ್ತೇ ಜಲ್ಲಿ ಮೇಲೆ ಹತ್ತಿಸಬೇಡಿ. ಕೆಲವು ವಾರ ಮೆತ್ತನೆ, ಒಣ ನೆಲ. ಗಟ್ಟಿ ದಾರಿಗೆ ಹೋಗಲೇಬೇಕಿದ್ದರೆ ಬೂಟು ಹಾಕಿ. ಆ ಸಮಯದಲ್ಲಿ ಅಂಗಾಲಿನ ಪದರ ಒರಟಾಗಿ, ಅಲ್ಲಲ್ಲಿ ಎದ್ದ ಹಾಗೆ ಕಾಣಿಸುತ್ತದೆ, ಕೆರೆದು ತೆಗೆಯಬೇಡಿ. ತಾನಾಗಿಯೇ ಉದುರಲಿ ಬಿಡಿ.