ಕೆರೆಯಲ್ಲಿ ಮೀನು ಎಷ್ಟಿದೆ? ನಾನು ಎಣಿಸಿದ ಕಥೆ

ಹಳೇಬೀಡಿನಿಂದ ಸ್ವಲ್ಪ ದೂರದಲ್ಲಿ ನಮ್ಮೂರ ಕೆರೆ. ಅಲ್ಲಿನ ದೊಡ್ಡ ಕೆರೆ ದ್ವಾರಸಮುದ್ರದ ಮುಂದೆ ಇದನ್ನು ಕೆರೆ ಅನ್ನೋಕೂ ನಾಚಿಕೆ, ಕಟ್ಟೆ ಅನ್ನಬೇಕು. ತುಂಬಿದಾಗ ಒಂಬತ್ತು ಎಕರೆ ನೀರು. ಏಪ್ರಿಲ್ ಹೊತ್ತಿಗೆ ಮೂರು ಎಕರೆಗೆ ಇಳಿಯುತ್ತದೆ. ಆದರೆ ಪೂರ್ತಿ ಒಣಗುವುದಿಲ್ಲ. ಇದೇ ನನ್ನ ಅದೃಷ್ಟ ಅಂದುಕೊಂಡು ಐದು ವರ್ಷಕ್ಕೆ ಮೀನಿನ ಗುತ್ತಿಗೆ ಹಿಡಿದೆ. ಎಡವಟ್ಟಾಗಿದ್ದೇ ಅಲ್ಲಿ.

ಮೊದಲ ವರ್ಷ ಜುಲೈನಲ್ಲಿ 6000 ಮರಿ ತಂದೆ. ಕಾಟ್ಲಾ, ರೋಹು, ಮೃಗಾಲ್ ಸೇರಿಸಿ. ಒಂದೊಂದು ಒಂದಿಂಚು ಇದ್ದವು ಅಷ್ಟೆ. ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲಗಳು ಮಧ್ಯಾಹ್ನ ಎರಡು ಗಂಟೆಗೆ ಏರಿ ಮೇಲೆ ಇಳಿದವು. ಕಾಯಿ ಒಡೆದು, ಚೀಲ ಬಿಚ್ಚಿ, ಸುರಿದುಬಿಟ್ಟೆ. ಫೋಟೋ ಕೂಡ ತೆಗೆಸಿಕೊಂಡೆ.

ಫೆಬ್ರವರಿಯಲ್ಲಿ ಎಳೆಬಲೆ ಹಾಕಿಸಿದಾಗ ಎಂಟು ಜನಕ್ಕೂ ಎಳೆಯೋಕೆ ಆಗಲಿಲ್ಲ. ಅಷ್ಟು ಭಾರ. ನನಗೋ ಖುಷಿ. ದಡಕ್ಕೆ ಬಂದಮೇಲೆ ನೋಡಿದರೆ ಬಲೆ ತುಂಬ ಜಿಲೇಬಿ ಮೀನು, ಅಂದರೆ ತಿಲಾಪಿಯಾ. ಅಂಗೈ ಅಗಲಕ್ಕೂ ಬಂದಿಲ್ಲ. ತೂಕ ಹಾಕಿದರೆ ಒಂದೊಂದು 60 ಗ್ರಾಂ ಆಸುಪಾಸು. ವ್ಯಾಪಾರಿ ಕೈಯಲ್ಲೂ ಮುಟ್ಟಲಿಲ್ಲ.

"ಮರಿ ಸಾಲಲಿಲ್ಲ, ಮುಂದಿನ ವರ್ಷ ಹತ್ತು ಸಾವಿರ ಬಿಡು" ಅಂತ ಊರೆಲ್ಲ ಹೇಳಿತು. ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದುತ್ತಿದ್ದ ನನ್ನ ಅಕ್ಕನ ಮಗ ಒಬ್ಬನೇ ಬೇರೆ ಪ್ರಶ್ನೆ ಕೇಳಿದ. "ಮಾಮ, ಈಗ ಒಳಗೆ ಎಷ್ಟಿದೆ ಗೊತ್ತಾ?" ನೀರೊಳಗಿನ ಮೀನನ್ನು ಎಣಿಸೋದು ಹೇಗಪ್ಪಾ ಅಂದೆ. ಅವನು ಒಂದು ಕತ್ತರಿ ಕೇಳಿದ.

ಬೀಸುಬಲೆ ಹಾಕಿ 240 ಜಿಲೇಬಿ ಹಿಡಿದೆವು. ಹೊಟ್ಟೆ ಕೆಳಗೆ ಜೋಡಿ ರೆಕ್ಕೆ ಇರುತ್ತವಲ್ಲ, ಅದರಲ್ಲಿ ಎಡಗಡೆಯದನ್ನು ಕತ್ತರಿಸಿ ಮತ್ತೆ ನೀರಿಗೆ ಬಿಟ್ಟೆವು. ಮೀನಿಗೆ ಏನೂ ಆಗುವುದಿಲ್ಲ, ರೆಕ್ಕೆ ನಿಧಾನವಾಗಿ ಬೆಳೆಯುತ್ತದೆ. ಹತ್ತು ದಿನ ಸುಮ್ನೆ ಇದ್ದೆವು. ಗುರುತಿನ ಮೀನು ಉಳಿದವುಗಳ ಜೊತೆ ಚೆನ್ನಾಗಿ ಬೆರೆಯಬೇಕು. ಆಮೇಲೆ ತೂಬಿನ ಹತ್ತಿರ, ಕೋಡಿ ಕಡೆ, ಜೊಂಡಿನ ಅಂಚು, ಹೀಗೆ ಬೇರೆಬೇರೆ ಕಡೆ ಬಲೆ ಹಾಕಿ 310 ಹಿಡಿದೆವು. ಅದರಲ್ಲಿ ರೆಕ್ಕೆ ಕತ್ತರಿಸಿದ್ದು ಆರೇ ಆರು. ಹಿಡಿದದ್ದರಲ್ಲಿ ಗುರುತಿನವು ಎಷ್ಟು ಪಾಲೋ, ಇಡೀ ಕೆರೆಯಲ್ಲಿ ನಮ್ಮ 240 ಕೂಡ ಅಷ್ಟೇ ಪಾಲು ಅನ್ನೋದು ಲೆಕ್ಕ. 240ನ್ನು 310ರಿಂದ ಗುಣಿಸಿ 6ರಿಂದ ಭಾಗಿಸಿದರೆ 12,400.

ಇದು ಕರಾರುವಾಕ್ಕು ಅಲ್ಲ. ಗುರುತಿನ ಮೀನು ಇನ್ನೆರಡು ಜಾಸ್ತಿ ಸಿಕ್ಕಿದ್ದರೆ ಲೆಕ್ಕ 9300ಕ್ಕೆ ಇಳಿಯುತ್ತಿತ್ತು. ಬಲೆಯ ಕಣ್ಣಲ್ಲಿ ನುಸುಳಿ ಹೋಗುವ ಸಣ್ಣ ಮರಿಗಳಂತೂ ಈ ಲೆಕ್ಕಕ್ಕೇ ಬರುವುದಿಲ್ಲ. ಆದರೂ ಹತ್ತು ಸಾವಿರದ ಆಚೀಚೆ ಅಂತ ಗೊತ್ತಾಯಿತಲ್ಲ, ಅಷ್ಟು ಸಾಕಿತ್ತು.

ನಿದ್ದೆ ಕೆಡಿಸಿದ್ದು ಇನ್ನೊಂದು ಲೆಕ್ಕ. ಕಾಟ್ಲಾ, ರೋಹು, ಮೃಗಾಲ್ ಮೂರೂ ಸೇರಿ 40ಕ್ಕೆ ಗುರುತು ಹಾಕಿದ್ದೆವು. ಎರಡನೇ ಸಲ ಸಿಕ್ಕಿದ್ದು 30. ಅದರಲ್ಲಿ ಗುರುತಿನವು 12. ಅಂದರೆ ಇಡೀ ಕೆರೆಯಲ್ಲಿ ಸುಮಾರು ನೂರು. ಬಿಟ್ಟದ್ದು ಆರು ಸಾವಿರ!

ಕಾಟ್ಲಾ ಜಾತಿಯದು, ಅಂದರೆ ಈ ಮೂರೂ, ನಿಂತ ನೀರಲ್ಲಿ ಮೊಟ್ಟೆ ಇಡುವುದಿಲ್ಲ. ಹೊಳೆಯ ಹರಿವು ಬೇಕು, ಮಳೆಗಾಲದ ಹೊಸನೀರು ಬೇಕು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಅಲಿಕುಂಞಿ ಮತ್ತು ಹೀರಾಲಾಲ್ ಚೌಧುರಿ ಎಂಬ ಮೀನು ವಿಜ್ಞಾನಿಗಳು ಈ ಜಾತಿಗೆ ಹಾರ್ಮೋನ್ ಚುಚ್ಚಿ ಮೊಟ್ಟೆ ಇಡಿಸಿ ತೋರಿಸಿದರು. ನಾವು ಚೀಲದಲ್ಲಿ ತರುವ ಮರಿ ಬರುವುದು ಆ ದಾರಿಯಿಂದಲೇ. ಹಾಗಾಗಿ ಸತ್ತ ಕಾಟ್ಲಾ ಸತ್ತಂತೆಯೇ, ಅದರ ಜಾಗ ತುಂಬಲು ಇನ್ನೊಂದು ಹುಟ್ಟುವುದಿಲ್ಲ. ಜಿಲೇಬಿ ಹಾಗಲ್ಲ. 1952ರಲ್ಲಿ ನಮ್ಮ ದೇಶಕ್ಕೆ ತಂದ ಆಫ್ರಿಕಾದ ಮೀನು ಅದು. ತಾಯಿ ಮೊಟ್ಟೆ, ಮರಿಗಳನ್ನು ಬಾಯೊಳಗೇ ಇಟ್ಟುಕೊಂಡು ಕಾಯುತ್ತದೆ. ವರ್ಷಕ್ಕೆ ಹಲವು ಸಲ ಮರಿ ಮಾಡುತ್ತದೆ. ಜಾಗ, ಮೇವು ಕಮ್ಮಿಯಾದರೆ ಬೆಳೆಯುವುದು ನಿಲ್ಲಿಸಿ, ಸಣ್ಣದಿರುವಾಗಲೇ ಮರಿ ಮಾಡಲು ಶುರುಮಾಡುತ್ತದೆ. ಕೆರೆ ಒಣಗುತ್ತಿದ್ದರೆ ವರ್ಷಕ್ಕೊಮ್ಮೆ ಇದೆಲ್ಲ ತೊಳೆದು ಹೋಗುತ್ತಿತ್ತು. ನಮ್ಮದು ಒಣಗುವುದಿಲ್ಲ, ಅಲ್ವಾ?

ಹಿಪ್ಪೆ ಹಿಂಡಿ ಹಾಕಿ ಎಲ್ಲ ಕೊಂದುಬಿಡು ಅಂತ ಒಬ್ಬರು ಹೇಳಿದರು. ಮೀಟರ್ ಆಳದ ನೀರಿಗೆ ಎಕರೆಗೆ ಒಂದು ಟನ್ ಹಿಂಡಿ ಬೇಕು. ದುಡ್ಡಿನ ಮಾತು ಬಿಡಿ, ಊರ ದನ ಕುಡಿಯುವ ನೀರಿಗೆ ಅದನ್ನು ಹಾಕಲು ಯಾರು ಬಿಡುತ್ತಾರೆ? ನಾನು ಏಪ್ರಿಲ್‌ವರೆಗೆ ಕಾದೆ. ನೀರು ಮೂರು ಎಕರೆಗೆ ಇಳಿದಾಗ ಸಣ್ಣ ಕಣ್ಣಿನ ಎಳೆಬಲೆಯನ್ನು ಹದಿನೆಂಟು ಸಲ ಎಳೆಸಿದೆ. ಬಂದ ಜಿಲೇಬಿಯಲ್ಲಿ ಅರ್ಧ ಮಾರಿದೆ. ಉಳಿದದ್ದು ಊರವರ ಮನೆಮನೆಗೂ ಹೋಯಿತು. ಎರಡು ವಾರ ಊರಿಗೆಲ್ಲ ಮೀನು ಸಾರೇ.

ಇನ್ನೊಂದು ತಪ್ಪನ್ನೂ ಆಗಲೇ ತಿದ್ದಿಕೊಂಡೆ. ನಮ್ಮ ಕೆರೆಯಲ್ಲಿ ಕೊರಮೀನು ಇತ್ತು. ಮಲೆನಾಡಿನವರು ಕುಚ್ಚು ಅಂತಾರೆ. ಮರಿ ತಿನ್ನುತ್ತದೆ ಅಂತ ಮೊದಲ ವರ್ಷ ಸಿಕ್ಕ ಕೊರಮೀನನ್ನೆಲ್ಲ ಹಿಡಿದು ಮಾರಿದ್ದೆ. ಒಳ್ಳೇ ರೇಟೂ ಸಿಕ್ಕಿತ್ತು. ಆದರೆ ಅದು ಜಿಲೇಬಿ ಮರಿಯನ್ನೂ ತಿನ್ನುತ್ತದೆ ಅನ್ನೋದು ನನಗೆ ಹೊಳೆದೇ ಇರಲಿಲ್ಲ. ಮಳೆಗಾಲದಲ್ಲಿ ಕೊರಮೀನಿನ ಮರಿಗಳು ಕೆಂಪು ಉಂಡೆ ಹಾಗೆ ನೀರ ಮೇಲೆ ಕಾಣುತ್ತವೆ. ಕೆಳಗೆ ದೊಡ್ಡ ಮೀನು ಕಾವಲಿರುತ್ತದೆ. ಹುಡುಗರು ಆ ಕೆಂಪು ನೋಡಿಯೇ ಭರ್ಜಿ ಎಸೆಯುತ್ತಾರೆ. ದೊಡ್ಡದು ಹೋದರೆ ಇಡೀ ಉಂಡೆ ಬೇರೆ ಮೀನಿನ ಹೊಟ್ಟೆಗೆ. ಈಗ ಆ ಎರಡು ತಿಂಗಳು ಜೊಂಡಿನ ಕಡೆ ನಾನೇ ಕಾವಲು.

ಹಾಗಾದರೆ ಕಾಟ್ಲಾ ಮರಿ ಉಳಿಯೋದು ಹೇಗೆ? ದೊಡ್ಡದು ಮಾಡಿ ಬಿಟ್ಟರೆ ಉಳಿಯುತ್ತದೆ. ಎರಡನೇ ವರ್ಷ 5000 ಮರಿ ತಂದು ನೇರ ಕೆರೆಗೆ ಬಿಡಲಿಲ್ಲ. ದೊಡ್ಡಪ್ಪನ ಜಮೀನಿನ ಕೃಷಿ ಹೊಂಡದಲ್ಲಿ ಎರಡು ತಿಂಗಳು ಸಾಕಿದೆ. ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಸಮಸಮ. ನೀರುಕಾಗೆ ಬಾರದಂತೆ ಮೇಲೆ ಹಳೇ ಬಲೆ. ನಾಲ್ಕಿಂಚು ಆಗುವ ಹೊತ್ತಿಗೆ 3200 ಉಳಿದವು. ಸಂಜೆ ಹೊತ್ತು, ಮರಿ ಇದ್ದ ಚೀಲವನ್ನು ಅರ್ಧ ಗಂಟೆ ಕೆರೆಯಲ್ಲೇ ತೇಲಿಸಿ, ಕೆರೆ ನೀರನ್ನು ಸ್ವಲ್ಪಸ್ವಲ್ಪ ಒಳಗೆ ಬಿಟ್ಟು, ಆಮೇಲೆ ಬಾಯಿ ಬಿಚ್ಚಿದೆ. ಮರಿಗಳು ತಾವೇ ಈಜಿಕೊಂಡು ಹೋದವು.

ಎಲ್ಲ ಸರಿಹೋಯಿತು ಅನ್ನುವಾಗ ನನ್ನ ಅತಿಯಾಸೆ ಬಂತು. ಮೇವು ಜಾಸ್ತಿಯಾಗಲಿ ಅಂತ ಎರಡು ಟ್ರ್ಯಾಕ್ಟರ್ ಸಗಣಿ ಗೊಬ್ಬರ ಸುರಿಸಿದೆ. ನವೆಂಬರ್‌ನಲ್ಲಿ ನಾಲ್ಕು ದಿನ ಮೋಡ ಮುಚ್ಚಿತು. ಐದನೇ ದಿನ ಬೆಳಗಿನ ಜಾವ ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಪಾಚಿ ಹಗಲು ಬಿಸಿಲಿದ್ದರೆ ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ತಿನ್ನುತ್ತದೆ. ಮೋಡದ ದಿನ ಕೊಡುವುದು ಕಮ್ಮಿ. ಕೊಳೆಯುವ ಗೊಬ್ಬರ ಇನ್ನಷ್ಟು ಎಳೆಯುತ್ತದೆ. ಎರಡು ಡೀಸೆಲ್ ಪಂಪ್ ತಂದು ಕೆರೆ ನೀರನ್ನೇ ಎತ್ತಿ ಎತ್ತಿ ಚಿಮ್ಮಿಸಿದೆ. ಆದರೂ ಇನ್ನೂರು ಚಿಲ್ಲರೆ ಮೀನು ತೇಲಿದವು. ಈಗ ಗೊಬ್ಬರ ಹಾಕುವ ಮುಂಚೆ ಮೊಣಕೈವರೆಗೆ ಕೈ ಮುಳುಗಿಸಿ ನೋಡುತ್ತೇನೆ. ಅಂಗೈ ಚೆನ್ನಾಗಿ ಕಂಡರೆ ಮೇವು ಕಮ್ಮಿ ಅಂತ ಲೆಕ್ಕ. ಮಣಿಕಟ್ಟೇ ಕಾಣದಿದ್ದರೆ ಗೊಬ್ಬರದ ಕಡೆ ತಲೆ ಹಾಕುವುದಿಲ್ಲ.

ಫೆಬ್ರವರಿಯಲ್ಲಿ ಮತ್ತೆ ಕತ್ತರಿ ತೆಗೆದೆ. ಜಿಲೇಬಿ 200 ಗುರುತು ಹಾಕಿದ್ದಕ್ಕೆ, ಎರಡನೇ ಸಲದ 180ರಲ್ಲಿ 9 ಸಿಕ್ಕವು. ಅಂದರೆ ನಾಲ್ಕು ಸಾವಿರ. ಒಂದೊಂದು 150 ಗ್ರಾಂ ದಾಟಿತ್ತು. ಅದೇ ವ್ಯಾಪಾರಿ ಈ ಸಲ ತಾನೇ ಬಂದು ಬುಟ್ಟಿ ಇಟ್ಟ. ಕಾಟ್ಲಾ ಜಾತಿಯಲ್ಲಿ 150ಕ್ಕೆ ಗುರುತು ಹಾಕಿ ಬಿಟ್ಟೆ.

ಹತ್ತು ದಿನ ಕಾಯುತ್ತಿದ್ದೆನಲ್ಲ, ಆಗ ಒಂದು ಸಂಜೆ ಪಕ್ಕದ ಮನೆಗೆ ಕುಡುಗೋಲು ಕೇಳಲು ಹೋದೆ. ಹಿತ್ತಲಲ್ಲಿ ಅವರು ಕಲ್ಲಿನ ಮೇಲೆ ಒಂದು ಕಾಟ್ಲಾ ಉಜ್ಜುತ್ತಿದ್ದರು. ಎಡಗಡೆ ಹೊಟ್ಟೆ ರೆಕ್ಕೆ ಇರಲಿಲ್ಲ. "ಸಂತೆಯಿಂದ ತಂದೆ ಕಣಪ್ಪ" ಅಂದರು. ಹೌದಾ ಅಂದೆ. ಕುಡುಗೋಲು ಇಸಿದುಕೊಂಡು ಮನೆಗೆ ಬಂದೆ. ನೋಟ್‌ಬುಕ್ ತೆಗೆದು 150ನ್ನು ಹೊಡೆದುಹಾಕಿ 149 ಅಂತ ಬರೆದೆ. ಎರಡನೇ ಸಲ ಸಿಕ್ಕ 120ರಲ್ಲಿ ಗುರುತಿನವು ಹತ್ತು. ಹಾಗಾಗಿ ನನ್ನ ಕೆರೆಯ ಲೆಕ್ಕ 1800 ಅಲ್ಲ, 1788.