ಮೂರು ಎಕರೆ ದಾಳಿಂಬೆ, ಎರಡು ಗಿಡದ ಸಿಪ್ಪೆ

ನಮ್ಮದು ಹಿರಿಯೂರು ತಾಲ್ಲೂಕು. ಮೂರು ಎಕರೆ ದಾಳಿಂಬೆ ಇದೆ, ಎಲ್ಲಾ ಭಗ್ವಾ ತಳಿ. ದಾಳಿಂಬೆ ಸಿಪ್ಪೆಯ ಪುಡಿಯನ್ನು ಹೊಟ್ಟೆಯ ತೊಂದರೆಗೆ ಅಂತ ನಾನೇ ಮಾಡಿಕೊಂಡು ಬಳಸುತ್ತಾ ಬಂದಿದ್ದೇನೆ. ಆದರೆ ಅದು ಆ ಮೂರು ಎಕರೆಯ ಸಿಪ್ಪೆಯಲ್ಲ. ಹಿತ್ತಲಲ್ಲಿ ಬಚ್ಚಲು ನೀರಿಗೆ ಬೆಳೆದ ಎರಡು ನಾಟಿ ಗಿಡಗಳಿವೆ, ಅವುಗಳದ್ದು. ಕೇಳಿದವರಿಗೆಲ್ಲ ಇದೊಂದು ಒಗಟಿನ ಹಾಗೆ ಕಾಣುತ್ತೆ.

ಶುರುವಾಗಿದ್ದು 2022ರಲ್ಲಿ. 1933ರ ನಂತರ ಮೊದಲ ಸಲ ನಮ್ಮ ಮಾರಿಕಣಿವೆ ಅಣೆಕಟ್ಟು ಕೋಡಿ ಬಿತ್ತಲ್ಲ, ಅದೇ ವರ್ಷ. ಊರವರೆಲ್ಲ ಟ್ರ್ಯಾಕ್ಟರ್ ಕಟ್ಟಿಕೊಂಡು ಕೋಡಿ ನೋಡಲು ಹೋದರೆ ನಾನು ತೋಟದಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ದಾಳಿಂಬೆ ಬರ ತಡೆಯುತ್ತೆ, ಹಣ್ಣಾಗೋ ಹೊತ್ತಿನ ಮಳೆ ತಡೆಯಲ್ಲ. ಒಳಗಿನ ಕಾಳು ನೀರು ಕುಡಿದು ಉಬ್ಬುತ್ತೆ, ಸಿಪ್ಪೆ ಅಷ್ಟು ಹಿಗ್ಗಲ್ಲ, ಹಣ್ಣು ಸೀಳುತ್ತೆ. ಮೇಲಿಂದ ಬ್ಯಾಕ್ಟೀರಿಯಾದಿಂದ ಬರೋ ದುಂಡಾಣು ಅಂಗಮಾರಿ ರೋಗ ಬೇರೆ. ವ್ಯಾಪಾರಿ ಸೀಳಿದ ಒಂದು ಹಣ್ಣನ್ನೂ ಕ್ರೇಟಿಗೆ ಹಾಕಲು ಬಿಡಲಿಲ್ಲ. ಬದುವಿನ ಮೇಲೆ ಬಿದ್ದ ಆ ರಾಶಿ ನೋಡುತ್ತಾ ಕೂತಾಗ ಅವ್ವನ ಡಬ್ಬ ನೆನಪಾಯಿತು.

ನಾವು ಚಿಕ್ಕವರಿದ್ದಾಗ ಹೊಟ್ಟೆ ಕೆಟ್ಟರೆ ಅವ್ವ ಅಟ್ಟದ ಮೇಲಿನ ತಗಡಿನ ಡಬ್ಬ ಇಳಿಸುತ್ತಿದ್ದಳು. ಅದರಲ್ಲಿ ಒಣಗಿ ಕಂದಾದ ದಾಳಿಂಬೆ ಸಿಪ್ಪೆ. ಒಂದು ಚೂರನ್ನು ಜೀರಿಗೆ ಜೊತೆ ಅರೆದು ಮಜ್ಜಿಗೆಗೆ ಕಲಸಿ ಕೊಡುತ್ತಿದ್ದಳು. ಒಗರು ಅಂತ ಮುಖ ಕಿವಿಚಿದರೆ, "ಬಾಯಿ ಹಿಡಿದಂಗೆ ಹೊಟ್ಟೇನೂ ಹಿಡೀತದೆ, ಕುಡಿಯೋ" ಅನ್ನೋಳು.

ಅವಳು ಹೇಳಿದ್ದು ಸುಮ್ಮನೆ ಅಲ್ಲ ಅಂತ ಓದಿ ತಿಳಿದದ್ದು ಎಷ್ಟೋ ವರ್ಷದ ಮೇಲೆ. ದಾಳಿಂಬೆ ಹಣ್ಣಿನ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಸಿಪ್ಪೆ ಮತ್ತು ಒಳಪೊರೆಯದೇ. ಒಗರು ಕೊಡುವ ಟ್ಯಾನಿನ್ ಹೆಚ್ಚಾಗಿ ಇರುವುದೂ ಅಲ್ಲೇ. ಟ್ಯಾನಿನ್ ಪ್ರೋಟೀನಿಗೆ ಅಂಟಿಕೊಳ್ಳುತ್ತೆ. ಜೊಲ್ಲಿನ ಪ್ರೋಟೀನಿಗೆ ಅಂಟಿದಾಗ ನಾಲಿಗೆ ಜಾರುವುದು ನಿಂತು ಬಾಯಿ ಹಿಡಿದ ಹಾಗಾಗುತ್ತೆ. ಕರುಳಿನ ಒಳಪದರದ ಮೇಲೂ ಅದೇ ಕೆಲಸ, ಅದಕ್ಕೇ ಭೇದಿ ಹಿಡಿತಕ್ಕೆ ಬರೋದು. ಮಜ್ಜಿಗೆ ಯಾಕೆ ಅಂದರೆ, ಹಾಲಿನ ಪ್ರೋಟೀನಿಗೆ ಟ್ಯಾನಿನ್ ಒಂದಷ್ಟು ಅಲ್ಲೇ ಅಂಟಿ ಒಗರು ತಗ್ಗುತ್ತೆ. ಚಹಾಕ್ಕೆ ಹಾಲು ಹಾಕಿದ ಹಾಗೆ.

ಇದು ಹಳೇ ಕಥೆ. ಹೊಸದು ಇನ್ನೊಂದಿದೆ. ಸಿಪ್ಪೆಯ ಮುಖ್ಯ ಟ್ಯಾನಿನ್ನಿನ ಹೆಸರು ಪ್ಯುನಿಕಲಾಜಿನ್. ಬಹಳ ದೊಡ್ಡ ಅಣು, ಇದ್ದ ಹಾಗೇ ರಕ್ತಕ್ಕೆ ಸೇರಲ್ಲ. ಕರುಳಲ್ಲಿ ಒಡೆದು ಎಲಾಜಿಕ್ ಆಮ್ಲ ಆಗುತ್ತೆ, ಅದೂ ಅಷ್ಟಕ್ಕಷ್ಟೇ ಹೀರಿಕೊಳ್ಳೋದು. ಉಳಿದದ್ದು ದೊಡ್ಡ ಕರುಳಿಗೆ ಇಳಿದಾಗ ಅಲ್ಲಿನ ಕೆಲವು ಬ್ಯಾಕ್ಟೀರಿಯಾ, ಗೋರ್ಡೋನಿಬ್ಯಾಕ್ಟರ್ ಅನ್ನೋದು ಅದರಲ್ಲೊಂದು, ಅದನ್ನು ಯುರೋಲಿಥಿನ್ ಅನ್ನುವ ಸಣ್ಣ ಅಣುಗಳಾಗಿ ಮಾಡುತ್ತವೆ. ರಕ್ತಕ್ಕೆ ಸೇರೋದು ಅದು. ಉರಿ ಊತ ತಗ್ಗಿಸುವ ಗುಣ ಇದೆ ಅಂತ ಸಂಶೋಧಕರು ಹುಡುಕುತ್ತಿರುವುದೂ ಅದರಲ್ಲೇ. ಆದರೆ ಆ ಬ್ಯಾಕ್ಟೀರಿಯಾ ಎಲ್ಲರ ಹೊಟ್ಟೆಯಲ್ಲೂ ಇರಲ್ಲ. ಕೆಲವರಲ್ಲಿ ಯುರೋಲಿಥಿನ್ ಚೆನ್ನಾಗಿ ಆಗುತ್ತೆ, ಕೆಲವರಲ್ಲಿ ಏನೇನೂ ಆಗಲ್ಲ. ಸಿಪ್ಪೆ ಬರೀ ಹಾಲು, ಹೆಪ್ಪು ಅವರವರ ಹೊಟ್ಟೆಯಲ್ಲಿರಬೇಕು. ಇದಕ್ಕಿರುವ ಪುರಾವೆಯ ಬಹುಪಾಲು ಲ್ಯಾಬಿನ ತಟ್ಟೆಯಲ್ಲಿ, ಇಲಿಗಳಲ್ಲಿ ಕಂಡದ್ದು. ಮನುಷ್ಯರ ಮೇಲೆ ಆದ ಪ್ರಯೋಗ ಸಣ್ಣಸಣ್ಣವು, ಅವೂ ಹೆಚ್ಚಾಗಿ ಜ್ಯೂಸಿನ ಮೇಲೆ, ಸಾರ ತೆಗೆದ ಗುಳಿಗೆಯ ಮೇಲೆ. ನನ್ನ ಅರ್ಧ ಚಮಚದ ಮೇಲೆ ಯಾರೂ ಮಾಡಿಲ್ಲ.

ಇಷ್ಟೆಲ್ಲ ಓದಿದ ಹುರುಪಿನಲ್ಲಿ ಆ ವರ್ಷದ ಸೀಳು ಹಣ್ಣಿನ ಸಿಪ್ಪೆಯನ್ನೆಲ್ಲ ಮಾಳಿಗೆ ಮೇಲೆ ಒಣಹಾಕಿದೆ. ಕಸದಿಂದ ರಸ ಅಂತ ಮನಸ್ಸಲ್ಲೇ ಮಂಡಿಗೆ. ದಾವಣಗೆರೆಯಲ್ಲಿ ಬಿಎಸ್ಸಿ ಓದುತ್ತಿದ್ದ ಮಗಳು ರಜೆಗೆ ಬಂದವಳು ಮೇಲೆ ಹತ್ತಿ ಬಂದು ನೋಡಿದಳು. ಪಂಪ್‌ಸೆಟ್ ಮನೆಯಲ್ಲಿ ಬಿದ್ದಿದ್ದ ಖಾಲಿ ಪೊಟ್ಟಣ ತಂದು ಅದರ ಮೇಲಿನ ಅಕ್ಷರ ಜೋರಾಗಿ ಓದಿದಳು: ಸ್ಟ್ರೆಪ್ಟೋಮೈಸಿನ್, ಟೆಟ್ರಾಸೈಕ್ಲಿನ್. "ಅಪ್ಪಾ, ಹೊಟ್ಟೆ ಬ್ಯಾಕ್ಟೀರಿಯಾಕ್ಕೆ ಒಳ್ಳೇದು ಅಂತ ತಿಂತೀನಿ ಅಂತೀಯ. ಬ್ಯಾಕ್ಟೀರಿಯಾ ಸಾಯಿಸೋ ಔಷಧೀನೇ ಇದರ ಮೇಲೆ ಹೊಡೆದಿದೀಯಲ್ಲ!"

ಅಂಗಮಾರಿಗೆ ನಾನೊಬ್ಬನೇ ಅಲ್ಲ, ಸುತ್ತಲಿನವರೆಲ್ಲ ಅದನ್ನೇ ಹೊಡೆದದ್ದು. ಜೊತೆಗೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ, ಹುಳಕ್ಕೆ ಬೇರೆ, ಬೂಷ್ಟಿಗೆ ಬೇರೆ. ತೊಳೆದರೆ ಹೋಗುತ್ತೆ ಅಂತ ನಾನೂ ವಾದ ಮಾಡಿದೆ. ಅವಳು ಒಂದು ಹಣ್ಣು ತಂದು ತುದಿಯ ಕಿರೀಟ ಬಿಡಿಸಿ ತೋರಿಸಿದಳು. ಒಳಗೆ, ಒಣಗಿದ ಕೇಸರಗಳ ನಡುವೆ, ಬೋರ್ಡೋದ ತಿಳಿನೀಲಿ ಪುಡಿ ಕೂತಿತ್ತು. ಬೆರಳಲ್ಲಿ ಉಜ್ಜಿದರೆ ಉಗುರಿನ ಸಂದಿಗೆ ಬಂತು. ಇದು ಕಣ್ಣಿಗೆ ಕಾಣೋದು. ಗಿಡದ ಒಳಗೇ ಹರಿಯುವ ಔಷಧಿಗಳನ್ನು ಎಷ್ಟು ನೀರಲ್ಲಿ ತೊಳೆದರೆ ತಾನೇ ಹೋದಾವು? ಮಾಳಿಗೆಯ ಸಿಪ್ಪೆಯನ್ನೆಲ್ಲ ಗುಡಿಸಿ ಗುಂಡಿಗೆ ಹಾಕಿದೆ. ಆಮೇಲೆ ಹಿತ್ತಲ ಗಿಡಗಳ ಕಡೆ ತಿರುಗಿದ್ದು.

ಹಿತ್ತಲ ಹಣ್ಣು ಸಣ್ಣದು, ಬಣ್ಣ ಮಂಕು, ಬೀಜ ಗಟ್ಟಿ. ಮಾರ್ಕೆಟ್ಟಿನಲ್ಲಿ ಯಾರೂ ಮುಟ್ಟಲ್ಲ. ಔಷಧಿ ಇಲ್ಲ ಅಂದ ಮೇಲೆ ಕಾಯಿಕೊರಕ ಬಿಡುತ್ತಾ? ಕಾಯಿ ನಿಂಬೆ ಗಾತ್ರ ಆದಾಗ ಹಳೇ ಸೀರೆಯ ತುಂಡು ಸುತ್ತಿ ಕಟ್ಟುತ್ತೇನೆ. ದೂರದಿಂದ ನೋಡಿದರೆ ಹರಕೆ ಕಟ್ಟಿದ ಮರದ ಹಾಗಿರುತ್ತೆ.

2 ಕೆಜಿ ಹಣ್ಣು ಬಿಡಿಸಿದರೆ ನನಗೆ 900 ಗ್ರಾಂ ಹಸಿ ಸಿಪ್ಪೆ ಸಿಕ್ಕಿತು, ಒಣಗಿದ ಮೇಲೆ ಕಾಲು ಕೆಜಿ. ಕಿರೀಟ ಕತ್ತರಿಸಿ ಬಿಸಾಡುತ್ತೇನೆ. ಒಳಗೆ ಕಪ್ಪಾದ ಹಣ್ಣಿದ್ದರೆ ಸಿಪ್ಪೆ ಎಷ್ಟೇ ಚೆನ್ನಾಗಿರಲಿ, ಪೂರ್ತಿ ಬಿಸಾಡುವುದೇ. ಉಳಿದದ್ದನ್ನು ಉಗುರಿನಷ್ಟು ಚೂರು ಮಾಡಿ ನೆರಳಲ್ಲಿ ಐದಾರು ದಿನ. ಬಗ್ಗಿಸಿದರೆ ಟಕ್ಕಂತ ಮುರಿಯಬೇಕು. ಒಮ್ಮೆ ಚರ್ಮದ ಹಾಗೆ ಬಗ್ಗುತ್ತಿದ್ದಾಗಲೇ ಡಬ್ಬಕ್ಕೆ ತುಂಬಿ, ಹದಿನೈದು ದಿನಕ್ಕೆ ತೆಗೆದರೆ ಬಿಳೀ ಬೂಷ್ಟು.

ಇನ್ನೊಂದು ಸಲ ಕಷಾಯ ಮಾಡೋಣ ಅಂತ ಕೈಗೆ ಸಿಕ್ಕ ಕಬ್ಬಿಣದ ಬಾಣಲೆಯಲ್ಲಿ ಕುದಿಸಿದೆ. ಹಳದಿ ಇದ್ದ ನೀರು ಹತ್ತು ನಿಮಿಷದಲ್ಲಿ ಕಪ್ಪು. ಬಾಣಲೆ ಹಿಡಿದ ಬಟ್ಟೆಗೆ ಹನಿ ಬಿದ್ದ ಕಲೆ ಇವತ್ತಿಗೂ ಹೋಗಿಲ್ಲ. ಕಬ್ಬಿಣ, ಟ್ಯಾನಿನ್ ಸೇರಿದರೆ ಶಾಯಿ, ಹಿಂದೆ ಬರೆಯುವ ಶಾಯಿ ಮಾಡುತ್ತಿದ್ದದ್ದೂ ಹೀಗೇ. ಮನೆಯವಳು ಬಾಣಲೆ ಉಜ್ಜುತ್ತಾ ಬೈಯುವಾಗ ನನಗೆ ಬೇರೆಯೇ ಹೊಳೆಯಿತು. ಅವಳಿಗೆ ರಕ್ತ ಕಡಿಮೆ ಅಂತ ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟಿದ್ದರು, ನಾನು ಅದರ ಬೆನ್ನಿಗೇ ಸಿಪ್ಪೆ ಮಜ್ಜಿಗೆ ಕೊಡುತ್ತಿದ್ದೆ. ಬಾಣಲೆಯಲ್ಲಿ ಆದದ್ದು ಹೊಟ್ಟೆಯಲ್ಲಿ ಆಗದೇ ಇರುತ್ತಾ? ಟ್ಯಾನಿನ್ ಹಿಡಿದಿಟ್ಟ ಕಬ್ಬಿಣ ಮೈಗೆ ಹತ್ತಲ್ಲ. ಅವತ್ತಿಂದ ಅವಳಿಗೆ ಸಿಪ್ಪೆ ಬಂದ್.

ನನ್ನದೂ ಅತಿಯಾಗಿತ್ತು. ದಿನಕ್ಕೆ ಎರಡು ಸಲ ತುಂಬು ಚಮಚ, ಮೂರು ವಾರ. ಕೊನೆಗೆ ಮೂರು ದಿನ ಸಂಡಾಸಿನ ಸುದ್ದಿಯೇ ಇಲ್ಲ, ಹೊಟ್ಟೆ ಕಲ್ಲು. ಈಗ ಹೊಟ್ಟೆ ಸಡಿಲಾದ ದಿನ ಮಾತ್ರ, ಅರ್ಧ ಚಮಚ, ಮಧ್ಯಾಹ್ನದ ಮಜ್ಜಿಗೆಗೆ. ಮಗುವಿಗಾದರೆ, ಜ್ವರ ಇದ್ದರೆ, ಮಲದಲ್ಲಿ ರಕ್ತ ಕಂಡರೆ ಓಆರ್‌ಎಸ್ ಕುಡಿಸುತ್ತಾ ನೇರ ಆಸ್ಪತ್ರೆಗೆ. ಬೇರಿನ ತೊಗಟೆ ಇನ್ನೂ ಒಳ್ಳೇದಂತೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಲಾಡಿಹುಳಕ್ಕೆ ಹಿಂದೆ ಕೊಡುತ್ತಿದ್ದದ್ದು ನಿಜ, ಅದರಲ್ಲಿರುವ ಪೆಲೆಟಿಯರಿನ್ ಅನ್ನೋ ಅಂಶ ಹೆಚ್ಚಾದರೆ ವಿಷ.

ಗುಣ ಬಂತಾ ಅಂತ ಕೇಳುತ್ತಾರೆ. ಭೇದಿಗೆ ಬಂದಿದೆ. ರಾತ್ರಿ ಹೊಟ್ಟೆ ಉಬ್ಬರವೂ ಕಡಿಮೆಯಾಗಿದೆ. ಆದರೆ ಸಂಜೆಯ ಮಂಡಕ್ಕಿ ಮಿರ್ಚಿ ಬಿಟ್ಟದ್ದೂ ಆ ತಿಂಗಳೇ.

ಮೊನ್ನೆ ದಾವಣಗೆರೆಯಿಂದ ಭಾವ ಫೋನ್ ಮಾಡಿದ್ದರು. ಅವರದು ಕಿರಾಣಿ ಅಂಗಡಿ. "ನಿಮ್ಮಲ್ಲಿ ಸೀಳಿದ ಹಣ್ಣು ಪುಕ್ಕಟೆ ಬೀಳ್ತಾವಲ್ಲೋ, ಸಿಪ್ಪೆ ಪುಡಿ ಮಾಡಿ 50 ಕೆಜಿ ಕಳಿಸು, ಪ್ಯಾಕೆಟ್ ಮಾಡಿ ಇಡ್ತೀನಿ. ಈಗ ಇಂಥದ್ದಕ್ಕೆ ಭಾರೀ ಗಿರಾಕಿ ಐತೆ" ಅಂದರು. ಹೊಲದ ಸಿಪ್ಪೆ ಕೊಡಲ್ಲ ಭಾವ, ಹಿತ್ತಲದ್ದು ನಮಗೇ ಸಾಲಲ್ಲ ಅಂದೆ. "ಎರಡೇ ಗಿಡ ನೆಚ್ಚಿಕೊಂಡು ವ್ಯಾಪಾರ ಮಾಡೋಕಾಗ್ತದೇನೋ?" ಅಂದರು. ನಾಲ್ಕು ಟೊಂಗೆಗೆ ಗೂಟಿ ಕಟ್ಟಿದೀನಿ, ಬೇರು ಬಿಟ್ಟ ಮೇಲೆ ಬಂದು ಎರಡು ಸಸಿ ಒಯ್ಯಿರಿ ಭಾವ, ಹಳೇ ಸೀರೆ ಅಕ್ಕನ ಹತ್ರ ಇದ್ದೇ ಇರ್ತಾವೆ ಅಂದೆ.