ಡಾಂಬರಿಗೂ ನಾಲೆ ಏರಿಗೂ ಒಂದೇ ಸೈಕಲ್: ಟೈರು ಆರಿಸುವುದು ಹೇಗೆ?

ವಾರದ ಆರು ದಿನ ಮೈಸೂರಿನ ಕುವೆಂಪುನಗರದಿಂದ ಹೆಬ್ಬಾಳ ಕೈಗಾರಿಕಾ ಪ್ರದೇಶದವರೆಗೆ ಡಾಂಬರಿನ ಮೇಲೆ ಓಡಿ, ಭಾನುವಾರ ಬೆಳಿಗ್ಗೆ ವರುಣಾ ನಾಲೆಯ ಏರಿಯನ್ನೋ ಪಾಂಡವಪುರದ ಕುಂತಿಬೆಟ್ಟದ ಸುತ್ತಲಿನ ಗಾಡಿಜಾಡನ್ನೋ ಹಿಡಿಯುವ ಮೌಂಟನ್ ಬೈಕಿಗೆ ಎಂಥ ಟೈರು ಹಾಕಬೇಕು ಎಂದು ನನ್ನ ಜೊತೆಯ ಸವಾರರು ಆಗಾಗ ಕೇಳುತ್ತಾರೆ. ಸೈಕಲ್ಲಿನ ಜೊತೆಗೇ ಬರುವ ದಪ್ಪ ಬಟನ್‌ಗಳ (ಮೈಮೇಲೆ ಎದ್ದುನಿಂತ ರಬ್ಬರಿನ ಉಬ್ಬುಗಳ) ಟೈರು ನೋಡಲು ಗಟ್ಟಿಮುಟ್ಟಾಗಿದ್ದರೂ ಡಾಂಬರಿನ ಮೇಲೆ ಗುಂಯ್‌ಗುಡುತ್ತ ಕಾಲಿನ ಕಸುವನ್ನು ಹೀರುತ್ತದೆ. ಬೇಸತ್ತು ಪೂರ್ತಿ ನುಣುಪಾದ ಟೈರು ಹಾಕಿಸಿದರೆ ಏರಿಯ ಸಡಿಲ ಜಲ್ಲಿಯ ಮೇಲೆ ಮುಂದಿನ ಚಕ್ರ ಜಾರುತ್ತದೆ. ಎರಡಕ್ಕೂ ಒಗ್ಗುವ ಜೋಡಿ ಖಂಡಿತ ಸಿಗುತ್ತದೆ. ಅದಕ್ಕೆ ಮುಂದಿನ ಚಕ್ರದ ಕೆಲಸವನ್ನೂ ಹಿಂದಿನ ಚಕ್ರದ ಕೆಲಸವನ್ನೂ ಬೇರೆ ಬೇರೆಯಾಗಿ ನೋಡಬೇಕು, ಹಾಕಿಸಿದ ಮೇಲೆ ಗಾಳಿಯನ್ನು ಅಳೆದು ತುಂಬಬೇಕು.

ಅಂಗಡಿಗೆ ಹೋಗುವ ಮುನ್ನ ಒಂದು ವಾರ ಲೆಕ್ಕ ಬರೆದಿಡಿ. ನನ್ನ ಮನೆಯಿಂದ ಕೆಲಸದ ಜಾಗಕ್ಕೆ 9 ಕಿ.ಮೀ.; ಹೋಗಿ ಬರುವುದಕ್ಕೆ 18, ಆರು ದಿನಕ್ಕೆ 108. ಭಾನುವಾರದ ಮಣ್ಣುದಾರಿ ಹೆಚ್ಚೆಂದರೆ 25 ಕಿ.ಮೀ. ಮನಸ್ಸು ಸದಾ ಭಾನುವಾರದ ದಾರಿಯಲ್ಲೇ ಇದ್ದರೂ ಐದರಲ್ಲಿ ನಾಲ್ಕು ಪಾಲು ಸವಾರಿ ಡಾಂಬರಿನ ಮೇಲೆ ಎಂಬುದನ್ನು ಈ ಲೆಕ್ಕವೇ ನನಗೆ ಮನವರಿಕೆ ಮಾಡಿಸಿತು. ನಿಮ್ಮ ಲೆಕ್ಕ ಅರ್ಧಕ್ಕರ್ಧ ಬಂದರೆ ಆಯ್ಕೆಯೂ ಬದಲಾಗುತ್ತದೆ.

ಆನಂತರ ಈಗಿರುವ ಟೈರಿನ ಪಕ್ಕೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅಲ್ಲಿ ಉಬ್ಬಿಸಿರುವ ಅಂಕಿಗಳನ್ನು ಬೆಳಕಿಗೆ ಹಿಡಿದು ಓದಿ. 26 x 2.10 ಎಂಬಂಥ ಇಂಚಿನ ಅಳತೆಯ ಪಕ್ಕದಲ್ಲಿ 54-559 ಎಂಬಂಥ ಇನ್ನೊಂದು ಜೋಡಿ ಅಂಕಿ ಇರುತ್ತದೆ. ಇದರಲ್ಲಿ ಮೊದಲನೆಯದು ಟೈರಿನ ಅಗಲ, ಎರಡನೆಯದು ಟೈರಿನ ಅಂಚು ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರುಗಳಲ್ಲಿ. 26 ಇಂಚಿನ ಮೌಂಟನ್ ಬೈಕಿಗೆ 559, 27.5 ಇಂಚಿಗೆ 584, 29 ಇಂಚಿಗೆ 622. ಇಂಚಿನ ಲೆಕ್ಕವೊಂದನ್ನೇ ನಂಬಬಾರದು ಎನ್ನುವುದಕ್ಕೆ ನನ್ನದೇ ಉದಾಹರಣೆ ಕೊಡುತ್ತೇನೆ. ವರ್ಷಗಳ ಹಿಂದೆ ಅಂಗಡಿಯೊಂದರಲ್ಲಿ ‘26 ಇಂಚು’ ಎಂದಷ್ಟೇ ಕೇಳಿ ತಂದ ಟೈರು ಮನೆಯಲ್ಲಿ ರಿಮ್ಮಿನ ಸುತ್ತ ಬಳೆಯಂತೆ ಸಡಿಲವಾಗಿ ಜೋತುಬಿತ್ತು. ಅದು 26 x 1 3/8 ಅಳತೆಯ ಸಾಮಾನ್ಯ ಸೈಕಲ್ಲಿನ ಟೈರು. ಅದರ ವ್ಯಾಸ 590, ನನ್ನ ರಿಮ್ಮಿಗಿಂತ 31 ಮಿ.ಮೀ. ಹೆಚ್ಚು. ದಶಾಂಶದಲ್ಲಿ ಬರೆದ 26 x 1.75 ಮತ್ತು ಭಿನ್ನರಾಶಿಯಲ್ಲಿ ಬರೆದ 26 x 1 3/4 ಗಣಿತದಲ್ಲಿ ಒಂದೇ ಆದರೂ ಟೈರಿನಲ್ಲಿ ಬೇರೆ ಬೇರೆ. ಆದ್ದರಿಂದ ಅಂಗಡಿಯಲ್ಲಿ ಮೂರಂಕಿಯ ಆ ಸಂಖ್ಯೆಯನ್ನೇ ಹೇಳಿ ಕೇಳಿ.

ಟೈರಿನ ಅಗಲ ನಿಮ್ಮ ಸೈಕಲ್ಲಿನಲ್ಲಿ ಹಿಡಿಸಬೇಕು. ಫೋರ್ಕಿನ ನಡುವೆಯೂ ಹಿಂಬದಿಯ ಕೊಳವೆಗಳ ನಡುವೆಯೂ ಹೊಸ ಟೈರಿನ ಎರಡೂ ಪಕ್ಕದಲ್ಲಿ ಕನಿಷ್ಠ 6 ಮಿ.ಮೀ. ಜಾಗ ಉಳಿಯುವಂತಿರಲಿ, ಮಡ್‌ಗಾರ್ಡ್ ಇದ್ದರೆ ಅದನ್ನೂ ಅಳೆಯಿರಿ. ಮಳೆಗಾಲದಲ್ಲಿ ಕಬ್ಬಿನ ಗದ್ದೆಯ ದಾರಿಯ ಜಿಗುಟು ಮಣ್ಣು ಈ ಸಂದಿಯಲ್ಲೇ ಮೆತ್ತಿಕೊಂಡು ಚಕ್ರವನ್ನು ನಿಲ್ಲಿಸಿಬಿಡುತ್ತದೆ.

ಇನ್ನು ಮುಖ್ಯವಾದ ವಿಷಯ, ಟೈರಿನ ಮೈಮೇಲಿನ ಹಲ್ಲು. ಬಟನ್‌ಗಳು ಕೆಲಸಕ್ಕೆ ಬರುವುದು ಅವು ಕಚ್ಚಿಕೊಳ್ಳಬಲ್ಲಂಥ ಮೆತ್ತನೆಯ ನೆಲದಲ್ಲಿ ಮಾತ್ರ. ಡಾಂಬರಿನೊಳಗೆ ಅವು ಇಳಿಯಲಾರವು; ಭಾರ ಬಿದ್ದಾಗ ಪ್ರತಿಯೊಂದು ಬಟನ್ನೂ ಬಾಗಿ, ಮತ್ತೆ ನೇರವಾಗಿ, ನೀವು ತುಳಿದ ಶಕ್ತಿಯ ಒಂದಂಶವನ್ನು ಶಾಖವಾಗಿಸಿ ಕಳೆಯುತ್ತದೆ. ಚಾಮುಂಡಿ ಬೆಟ್ಟದಿಂದ ಇಳಿಯುತ್ತ ತಿರುವಿನಲ್ಲಿ ಸೈಕಲ್ ವಾಲಿಸಿದಾಗ ಟೈರು ಅಡಿಯಲ್ಲೇ ಅಲುಗಿದಂತೆ ಅನ್ನಿಸುವುದಕ್ಕೂ ಪಕ್ಕದ ಎತ್ತರದ ಬಟನ್‌ಗಳು ಹೀಗೆ ಬಾಗುವುದೇ ಕಾರಣ. ಮಳೆಯಲ್ಲಿ ನೆನೆದ ಡಾಂಬರಿಗೆ ಹಲ್ಲಿನ ಟೈರೇ ಸುರಕ್ಷಿತ ಎಂಬ ನಂಬಿಕೆ ಬಲವಾಗಿದೆ. ಕಾರಿನ ವಿಷಯದಲ್ಲಿ ಅದು ಸರಿ. ಸೈಕಲ್ಲಿನ ಟೈರು ಕಿರಿದು, ವೇಗವೂ ಕಡಿಮೆ. ಆದ್ದರಿಂದ ಅದು ನೀರಿನ ಪದರದ ಮೇಲೆ ತೇಲುವ ಭಯವಿಲ್ಲ. ಅಲ್ಲಿ ಹಿಡಿತ ಕೊಡುವುದು ರಬ್ಬರಿನ ಮೆದುತನ ಮತ್ತು ನೆಲಕ್ಕೆ ತಾಗುವ ರಬ್ಬರಿನ ಪ್ರಮಾಣ. ನುಣುಪಾದ ಮೈಯಲ್ಲಿ ಅದು ಹೆಚ್ಚಿರುತ್ತದೆ.

ಟೈರನ್ನು ಕೈಯಲ್ಲಿ ಹಿಡಿದು ಅದರ ಮೈಯನ್ನು ಅಡ್ಡಡ್ಡ ಮೂರು ಪಟ್ಟಿಗಳಾಗಿ ನೋಡಿ. ನಡುವಿನ ಪಟ್ಟಿ ಡಾಂಬರಿನ ಓಟಕ್ಕೆ. ಅಲ್ಲಿ ಬಟನ್‌ಗಳು ತಗ್ಗಾಗಿ, ಒತ್ತೊತ್ತಾಗಿ ಅಥವಾ ಬೆನ್ನೆಲುಬಿನಂತೆ ಒಂದಕ್ಕೊಂದು ಕೂಡಿಕೊಂಡಿರಬೇಕು. ಹೆಬ್ಬೆರಳನ್ನು ಉದ್ದಕ್ಕೂ ಎಳೆದರೆ ತಡೆಯದೆ ಸಾಗಬೇಕು. ಅಂಚಿನ ಎರಡು ಪಟ್ಟಿಗಳು ಮಣ್ಣುದಾರಿಯ ತಿರುವಿಗೆ. ಅಲ್ಲಿ ಬಟನ್‌ಗಳು ಎತ್ತರವಾಗಿ, ಬಿಡಿಬಿಡಿಯಾಗಿ, ಉಗುರಿನಿಂದ ಒತ್ತಿದರೆ ತುಸು ಬಾಗುವಷ್ಟು ಮೆದುವಾಗಿರಬೇಕು. ನನ್ನಂತೆ ಐದರಲ್ಲಿ ನಾಲ್ಕು ಪಾಲು ಡಾಂಬರಿನಲ್ಲಿ ಓಡುವವರಿಗೆ ಹೀಗೆ ನಡು ನುಣುಪಾಗಿ ಅಂಚು ಹಲ್ಲಾಗಿರುವ, 1.95ರಿಂದ 2.1 ಇಂಚು ಅಗಲದ ಟೈರು ಸಾಕು. ಅರ್ಧದಷ್ಟು ಸವಾರಿ ಮಣ್ಣಿನಲ್ಲಿದ್ದರೆ ನಡುವೆಯೂ ತಗ್ಗು ಬಟನ್‌ಗಳಿರುವ 2.25 ಇಂಚಿನದು ಮೇಲು. ದೂರ ದೂರ ನೆಟ್ಟ ಎತ್ತರದ ಬಟನ್‌ಗಳ ಟೈರು ಮೆತ್ತಿದ ಮಣ್ಣನ್ನು ತಾನೇ ಕೊಡವಿಕೊಳ್ಳುತ್ತದೆ ನಿಜ. ಆದರೆ ದಿನನಿತ್ಯ ಡಾಂಬರಿನಲ್ಲಿ ಓಡಿಸಿದರೆ ಅದರ ನಡುವಿನ ಸಾಲು ಬೇಗ ಸವೆದು, ಯಾವುದಕ್ಕಾಗಿ ದುಡ್ಡು ಕೊಟ್ಟೆವೋ ಅದೇ ಇಲ್ಲವಾಗುತ್ತದೆ.

ಎರಡೂ ಚಕ್ರಕ್ಕೆ ಒಂದೇ ಟೈರು ಇರಬೇಕೆಂಬ ನಿಯಮವಿಲ್ಲ. ಹಿಂದಿನ ಚಕ್ರ ಜಾರಿದರೆ ಸಾಮಾನ್ಯವಾಗಿ ಸಾವರಿಸಿಕೊಳ್ಳಬಹುದು. ಮುಂದಿನದು ಜಾರಿದರೆ ಬೀಳುವುದೇ. ಕಬ್ಬಿನ ಟ್ರ್ಯಾಕ್ಟರುಗಳು ಮಳೆಯಲ್ಲಿ ಕೊರೆದ ಜಾಡು ಬಿಸಿಲಿಗೆ ಒಣಗಿ ಕಲ್ಲಾಗಿರುವ ಮಂಡ್ಯದ ಕಡೆಯ ದಾರಿಗಳಲ್ಲಿ, ಮುಂದಿನ ಚಕ್ರ ಜಾಡಿನ ಅಂಚನ್ನು ಹತ್ತಲಾರದೆ ಜಾರುವುದನ್ನು ಅನುಭವಿಸಿದವರಿಗೆ ಈ ಮಾತು ತಿಳಿಯುತ್ತದೆ. ಹಿಡಿತ ಹೆಚ್ಚಿರುವ, ತುಸು ಅಗಲವಾದ ಟೈರನ್ನು ಮುಂದಕ್ಕೂ ಹಗುರವಾಗಿ ಉರುಳುವುದನ್ನು ಹಿಂದಕ್ಕೂ ಹಾಕಿ. ಭಾರ ಹೆಚ್ಚು ಬೀಳುವುದರಿಂದ ಹಿಂದಿನದು ಮೊದಲು ಸವೆಯುತ್ತದೆ. ಆಗ ಮುಂದಿನದನ್ನು ಹಿಂದಕ್ಕೆ ಬದಲಿಸಿ, ಹೊಸದನ್ನು ಮುಂದಕ್ಕೆ ಹಾಕುವುದು ಒಳ್ಳೆಯದು.

ನಮ್ಮ ಕಡೆ ಟೈರಿನ ಶತ್ರು ಜಾಲಿಮುಳ್ಳು. ಬಟನ್‌ಗಳ ಅಡಿಯಲ್ಲಿ ಪಂಕ್ಚರ್ ತಡೆಯುವ ಪಟ್ಟಿಯಿರುವ ಟೈರು ತುಸು ಭಾರವಾದರೂ ಕೆಲಸಕ್ಕೆ ಹೊತ್ತಿಗೆ ಸರಿಯಾಗಿ ತಲುಪಬೇಕಾದವರು ಅದನ್ನೇ ಕೊಳ್ಳಲಿ. ಟ್ಯೂಬ್‌ಲೆಸ್ ಮಾಡಿಸಲು ರಿಮ್ಮೂ ಟೈರೂ ಅದಕ್ಕೆಂದೇ ತಯಾರಾಗಿರಬೇಕು. ತೂತು ಮುಚ್ಚಿಕೊಳ್ಳಲೆಂದು ಒಳಗೆ ಹಾಕುವ ದ್ರವ ನಮ್ಮ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಒಣಗುವುದರಿಂದ ಆಗಾಗ ತುಂಬಿಸಬೇಕು. ಊರಿನ ಯಾವ ಪಂಕ್ಚರ್ ಅಂಗಡಿಯಲ್ಲೂ ಹತ್ತು ನಿಮಿಷದಲ್ಲಿ ಸರಿಮಾಡಿಸಬಹುದಾದ ಟ್ಯೂಬೇ ದಿನಬಳಕೆಗೆ ನನ್ನ ಆಯ್ಕೆ.

ಹಾಕುವ ಮುನ್ನ ಹಳೆಯ ಟ್ಯೂಬು ಎಲ್ಲಿ ತೂತಾಗಿತ್ತೆಂದು ನೋಡಿ, ರಿಮ್ಮಿನ ಒಳಪಟ್ಟಿ ಸರಿದು ಕಡ್ಡಿಗಳ ತಲೆ ಕಾಣುತ್ತಿದ್ದರೆ ಸರಿಪಡಿಸಿ. ಟೈರಿನ ಪಕ್ಕೆಯ ಬಾಣದ ಗುರುತು ಚಕ್ರ ಮುಂದಕ್ಕೆ ಉರುಳುವ ದಿಕ್ಕನ್ನು ತೋರಿಸಬೇಕು. ಸ್ವಲ್ಪ ಗಾಳಿ ತುಂಬಿ ಚಕ್ರ ತಿರುಗಿಸಿದಾಗ ರಿಮ್ಮಿನ ಅಂಚಿನುದ್ದಕ್ಕೂ ಕಾಣುವ ಸಣ್ಣ ಗೆರೆ ಎಲ್ಲ ಕಡೆ ಸಮನಾಗಿದ್ದರೆ ಟೈರು ಸರಿಯಾಗಿ ಕೂತಿದೆ ಎಂದರ್ಥ.

ಗಾಳಿಗೆ ಗೇಜು ಇರುವ ಪಂಪೊಂದನ್ನು ಕೊಂಡುಕೊಳ್ಳಿ; ಪೆಟ್ರೋಲ್ ಬಂಕಿನ ಪೈಪು ಸೈಕಲ್ಲಿನ ಸಣ್ಣ ಟ್ಯೂಬನ್ನು ಕ್ಷಣದಲ್ಲಿ ಒಡೆಯಬಲ್ಲದು. 70 ಕೆ.ಜಿ. ತೂಕದವರು 2.1 ಇಂಚಿನ ಟ್ಯೂಬ್ ಟೈರಿಗೆ ಊರೊಳಗೆ ಮುಂದೆ 35, ಹಿಂದೆ 40 ಪಿಎಸ್‌ಐ (ಗೇಜು ತೋರಿಸುವ ಒತ್ತಡದ ಅಳತೆ) ಗಾಳಿಯಿಂದ ಆರಂಭಿಸಬಹುದು. ಭಾನುವಾರ ಮಣ್ಣಿಗಿಳಿಯುವ ಮುನ್ನ ಮುಂದೆ 28, ಹಿಂದೆ 32ಕ್ಕೆ ಇಳಿಸಿ. ಟೈರಿನ ಪಕ್ಕೆಯಲ್ಲಿ ನಮೂದಿಸಿದ ಕನಿಷ್ಠ, ಗರಿಷ್ಠ ಮಿತಿಗಳನ್ನು ಮಾತ್ರ ದಾಟಬೇಡಿ. ಕಲ್ಲಿನ ಮೇಲೆ ಹತ್ತಿದಾಗ ರಿಮ್ಮು ಠಕ್ಕೆಂದರೆ ಗಾಳಿ ಕಡಿಮೆಯಾಯಿತು. ಹಾಗೆಯೇ ಓಡಿಸಿದರೆ ಟ್ಯೂಬು ರಿಮ್ಮಿಗೆ ಸಿಕ್ಕಿ ಹಾವು ಕಚ್ಚಿದಂತೆ ಪಕ್ಕಪಕ್ಕದಲ್ಲಿ ಎರಡು ತೂತು ಬೀಳುತ್ತವೆ. ಎರಡೆರಡು ಪಿಎಸ್‌ಐ ಏರಿಸಿ ನೋಡಿ, ಒಗ್ಗಿದ ಅಂಕಿಯನ್ನು ಬರೆದಿಟ್ಟುಕೊಳ್ಳಿ.

ಬಟನ್ ಸವೆದು ಒಳಗಿನ ನೂಲು ಕಂಡ ದಿನ ಟೈರು ಬದಲಿಸಲೇಬೇಕು. ಹಳೆಯದನ್ನು ಎಸೆಯುವ ಮುನ್ನ ಅದರ ಪಕ್ಕೆಯಿಂದ ಎರಡು ಇಂಚಿನ ತುಂಡೊಂದನ್ನು ಕತ್ತರಿಸಿ ಬ್ಯಾಗಿನಲ್ಲಿಟ್ಟುಕೊಳ್ಳಿ. ನಾಲೆಯ ಏರಿಯಲ್ಲಿ ಚೂಪುಗಲ್ಲು ಟೈರನ್ನು ಸೀಳಿದರೆ, ಸೀಳಿಗೂ ಟ್ಯೂಬಿಗೂ ನಡುವೆ ಈ ತುಂಡನ್ನಿಟ್ಟು ಗಾಳಿ ತುಂಬಿ, ಮನೆಯವರೆಗೆ ನಿಧಾನವಾಗಿ ಓಡಿಸಿಕೊಂಡು ಬರಬಹುದು.